ಕನ್ಹೇರಿಯ ಡಿಪಾಜಿಟ್ಟು

ಬೊರಿವಲಿಯ ನ್ಯಾಷನಲ್ ಪಾರ್ಕಿನ ಗೇಟಿನಿಂದ ಕನ್ಹೇರಿ ಗುಹೆಗಳಿಗೆ ನಡೆದೇ ಹೋಗುವುದು ನಮ್ಮಿಬ್ಬರ ಭಾನುವಾರದ ರೂಢಿ. ಆರೇಳು ಕಿಲೋಮೀಟರು. ಗುಹೆಗಳ ನೆತ್ತಿ ಹತ್ತಿ, ಇನ್ನೊಂದು ಮಗ್ಗುಲಲ್ಲಿ ಇಳಿದು ಸುತ್ತು ಮುಗಿಸುವಷ್ಟರಲ್ಲಿ ನನ್ನ ಮಂಡಿ ಲೆಕ್ಕ ಕೇಳುತ್ತದೆ.

ನಿವೃತ್ತಿಗೆ ಇನ್ನೆರಡು ವರ್ಷ. ಫ್ಲ್ಯಾಟು ಮಾರಿ ಕುಂದಾಪುರಕ್ಕೆ ಹೋಗಿಬಿಡೋಣ ಎಂದು ನಾನು. ಮೂವತ್ತು ವರ್ಷದ ಮೇಲೆ ಅಲ್ಲಿ ನಮ್ಮ ಗುರುತು ಯಾರಿಗಿದೆ ಎಂದು ನನ್ನಾಕೆ. ಇಂಥ ಜಗಳಕ್ಕೆ ಏರುದಾರಿಯೇ ಒಳ್ಳೆಯದು, ಏದುಸಿರಿನಲ್ಲಿ ದನಿ ಏರುವುದಿಲ್ಲ!

ಮೇಲೆ ನೂರಕ್ಕೂ ಹೆಚ್ಚು ಗುಹೆಗಳು, ಕರಿಕಲ್ಲಲ್ಲಿ ಕೊರೆದ ನೀರಿನ ತೊಟ್ಟಿಗಳು. ನನಗೆ ಮಾತ್ರ ಶಾಸನಗಳ ಮೋಹ. 9ನೆಯ ಶತಮಾನದ, ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳೂ ಇಲ್ಲಿವೆ. ಭಿಕ್ಷುಗಳಿಗೆಂದು ಇಟ್ಟ ದ್ರಮ್ಮಗಳ ದತ್ತಿ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಬಟ್ಟೆ, ಪುಸ್ತಕ, ರಿಪೇರಿ. ಹೆಸರು ಅಕ್ಷಯನೀವಿ. ನಮ್ಮ ಫಿಕ್ಸೆಡ್ ಡಿಪಾಜಿಟ್ಟೇ ಸರಿ, ಅವಧಿ ಮುಗಿಯುವುದಿಲ್ಲ ಅಷ್ಟೆ. ಒಂದರಲ್ಲಿ ನೂರು ದ್ರಮ್ಮ ಇಟ್ಟವನು ಗೌಡದೇಶದವನು. ನಮ್ಮ ಗೌಡರಲ್ಲ, ಬಂಗಾಳದ ಕಡೆಯವನು.

ಇದನ್ನೆಲ್ಲ ಹೇಳಿದರೆ ಇವಳು, "ಅವ ವಾಪಸ್ ಊರಿಗೆ ಹೋದ್ನಂತಾ?" ಎಂದು ಕೇಳಿದಳು.

ಅದು ಕಲ್ಲಿನಲ್ಲಿ ಬರೆದಿಲ್ಲ ಎಂದೆ. ಇಳಿಯುವಾಗ ಉಪ್ಪು ಖಾರ ಹಚ್ಚಿದ ಸೌತೆಕಾಯಿ ಕೊಂಡೆವು, ಅರ್ಧ ಕೋತಿಯ ಪಾಲಾಯಿತು. ಫ್ಲ್ಯಾಟು ಮಾರುವ ಮಾತು ಆ ವಾರ ಏಳಲಿಲ್ಲ.