ಮು.ಮಾ. 1

1
ತಾಲ್ಲೂಕು ಕೋರ್ಟಿನ ಹಾಲು. ಬೆಳಿಗ್ಗೆ 11 ಗಂಟೆ. ಹಿಂದೆ ಎರಡು ಬೆಂಚು, ಯಾರು ಬೇಕಾದರೂ ಕೂರಬಹುದು. ಕೇಸಿಲ್ಲದೆ ಬಂದು ಕೂತವನು ನಾನೊಬ್ಬನೇ. ಅಟೆಂಡರ್ ಎರಡು ಸಲ ಕೇಳಿದರು: 'ಯಾವ ಕೇಸು ನಿಮ್ದು?' ಯಾವುದೂ ಇಲ್ಲ ಎಂದೆ. ನಂಬಲಿಲ್ಲ.

2
ಹೆಸರನ್ನು ಮೂರು ಸಲ ಕೂಗುತ್ತಾರೆ. ಮೂರೂ ಒಂದೇ ಉಸಿರಿನಲ್ಲಿ. ಹೊಂಗೆ ಮರದ ಕೆಳಗಿದ್ದವರು ಓಡಿ ಬರುತ್ತಾರೆ. ಬಾಗಿಲು ದಾಟುವಷ್ಟರಲ್ಲಿ ಎತ್ತಿ ಕಟ್ಟಿದ ಪಂಚೆ ಕೆಳಗಿಳಿದಿರುತ್ತದೆ, ಹೆಗಲ ಟವೆಲ್ಲು ಕೈಗೆ ಬಂದಿರುತ್ತದೆ.

3
ಬದುವಿನ ಜಗಳ, 2023ರದು. ಭಾರತೀಯ ದಂಡ ಸಂಹಿತೆ ಕಲಂ 341, 323, 325, 504, 506. ಬೆಂಚ್ ಕ್ಲರ್ಕ್ ಇದನ್ನು ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವ ಹಾಗೆ ಓದಿದರು. ಅಡ್ಡಗಟ್ಟಿದ್ದು, ಹೊಡೆದದ್ದು, ತೀವ್ರ ಗಾಯ, ಬೈದದ್ದು, ಬೆದರಿಸಿದ್ದು.

ನಡೆದದ್ದು ಬಹುಶಃ ಅದೇ ಕ್ರಮದಲ್ಲಿ ಅಲ್ಲ. ಬೈಗುಳ ಮೊದಲು ಬಂದಿರಬೇಕು.

4
ಮುಂದಿನ ಕೇಸು 2025ರದು. ಅದೂ ಬದುವಿನ ಜಗಳವೇ. ಕಲಂಗಳು ಬೇರೆ: 126(2), 115(2), 352, 351(2) ಸಹ 3(5). 3(5) ಎಂದರೆ ಎಲ್ಲರೂ ಸೇರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ. ಅದಕ್ಕಿಂತ ಮೊದಲು ಹೊಡೆದವರಿಗೆ ಹಳೆಯ ಪುಸ್ತಕ, ಆಮೇಲೆ ಹೊಡೆದವರಿಗೆ ಹೊಸದು. ವಕೀಲರ ಮೇಜಿನ ಮೇಲೆ ಎರಡೂ ಇವೆ. ಹಳೆಯದರ ಬೆನ್ನು ಕಿತ್ತಿದೆ. ಹೊಸದರ ಬೆನ್ನು ಇನ್ನೂ ಸರಿಯಾಗಿ ಬಗ್ಗಿಲ್ಲ.

5
ಹಳೆಯದರಲ್ಲಿ 511 ಕಲಂ, ಹೊಸದರಲ್ಲಿ 358. ಹಾಗಾಗಿ ಹೊಸ ಪುಸ್ತಕದಲ್ಲಿ 420 ಎಂಬ ಕಲಂ ಇರಲು ಜಾಗವೇ ಇಲ್ಲ. ಮೋಸ ಈಗ 318ರಲ್ಲಿದೆ.

ಟೀ ಅಂಗಡಿಯಲ್ಲಿ ಒಬ್ಬರು ಇನ್ನೊಬ್ಬರ ಬಗ್ಗೆ: 'ಅವ್ನು ದೊಡ್ಡ ಫೋರ್ ಟ್ವೆಂಟಿ.'

6
302 ಎರಡರಲ್ಲೂ ಇದೆ. ಹಳೆಯದರಲ್ಲಿ ಕೊಲೆಗೆ ಶಿಕ್ಷೆ. ಹೊಸದರಲ್ಲಿ ಧಾರ್ಮಿಕ ಭಾವನೆಗೆ ನೋವಾಗಲಿ ಎಂದೇ ಮಾತಾಡುವುದು.

7
2023ರ ಕೇಸಿನ ಮುದ್ದೆಮಾಲು ತಂದರು. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಸುತ್ತ ಬಿಳಿ ಬಟ್ಟೆ, ಅರಗಿನ ಮೊಹರು, ಪಂಚರ ಸಹಿಯ ಚೀಟಿ. ಸಾಹೇಬರ ಅನುಮತಿ ಪಡೆದು ಬಿಚ್ಚಿದರು. ಒಳಗೆ ಒಂದು ಹಲ್ಲು. ಮು.ಮಾ. 1.

ಮು.ಮಾ. 2 ಇಲ್ಲ.

8
ತೀವ್ರ ಗಾಯ ಎಂದರೆ ಏನು ಎಂಬುದಕ್ಕೆ ಪುಸ್ತಕದಲ್ಲಿ ಎಂಟು ಉತ್ತರ. ಪುರುಷತ್ವ ಕಳೆಯುವುದು ಮೊದಲನೆಯದು. ಆಮೇಲೆ ಕಣ್ಣು, ಕಿವಿ, ಅಂಗ, ಕೀಲು, ಮುಖ. ಏಳನೆಯದು ಮೂಳೆ ಅಥವಾ ಹಲ್ಲು ಮುರಿಯುವುದು, ಜಾಗ ತಪ್ಪುವುದು. ಎಷ್ಟು ಹಲ್ಲು ಎಂದಿಲ್ಲ. ಒಂದು ಸಾಕು.

ಎಂಟನೆಯದರಲ್ಲಿ ನೋವಿನ ದಿನಗಳ ಲೆಕ್ಕವೂ ಇದೆ. ಹಿಂದೆ 20 ದಿನ ನರಳಬೇಕಿತ್ತು, ಈಗ 15 ಸಾಕು.

9
ಹಲ್ಲು ಬಿದ್ದರೆ ತೀವ್ರ ಗಾಯ. ಹಲ್ಲಿನಿಂದ ಕಚ್ಚಿದರೆ? ಮನುಷ್ಯನ ಹಲ್ಲು ಮಾರಕ ಆಯುಧವಲ್ಲ ಎಂದು ಸುಪ್ರೀಂ ಕೋರ್ಟ್ ಒಮ್ಮೆ ಹೇಳಿದೆ. ಅದು ಬೆರಳು ಕಚ್ಚಿದ ಕೇಸು.

10
ಪಿರ್ಯಾದಿಗೆ ಅರುವತ್ತರ ಹತ್ತಿರ ವಯಸ್ಸು. ಅವರು ಹೇಳಿದ್ದು: 'ಹೊಡ್ದ ಸಾಮಿ, ಇಲ್ಲಿಗೇ.' ಬೆರಳು ದವಡೆಗೆ ಹೋಯಿತು. ಟೈಪಾದದ್ದು: 'ಆರೋಪಿಯು ತನ್ನ ಕೈಯಿಂದ ನನ್ನ ಬಾಯಿಯ ಎಡಭಾಗಕ್ಕೆ ಗುದ್ದಿರುತ್ತಾರೆ.'

'ಅವನು' ಹಾಳೆಗೆ ಇಳಿಯುವಾಗ 'ಅವರು' ಆದ. ಹೊಡೆದವನಿಗೆ ಹೊಡೆಸಿಕೊಂಡವರಿಂದ ಬಹುವಚನ ಸಿಕ್ಕಿದ್ದು ಇಲ್ಲಿ ಮಾತ್ರ.

11
ಪಾಟೀಸವಾಲು.
'ಎಲೆ ಅಡಿಕೆ ಹಾಕ್ತೀರಾ?'
'ಹಾಕ್ತೀನಿ.'
'ಎಷ್ಟು ವರ್ಷದಿಂದ?'
'ಮದ್ವೆಗೂ ಮುಂಚಿಂದ.'
'ಆ ಹಲ್ಲು ಮೊದಲೇ ಅಲ್ಲಾಡ್ತಿತ್ತು ಅಂದ್ರೆ ಸರೀನಾ?'
'ಸರಿಯಲ್ಲ.'
ಸ್ವಲ್ಪ ತಡೆದು, ಯಾರೂ ಕೇಳದೆ: 'ಅದರ ಪಕ್ಕದ್ದು ಅಲ್ಲಾಡ್ತಿತ್ತು.'
ಕೊನೆಯದು ಟೈಪಾಗಲಿಲ್ಲ.

12
'ಎಂದರೆ ಸರಿಯಲ್ಲ.' ಪಾಟೀಸವಾಲಿನ ಹಾಳೆಯಲ್ಲಿ ಸಾಲಿಗೊಂದು ಸಲ ಬರುತ್ತದೆ. ನಾನೇ ಎಡವಿ ಬಿದ್ದೆ ಎಂದರೆ ಸರಿಯಲ್ಲ. ಬದು ಒತ್ತುವರಿ ಮಾಡಿದ್ದು ನಾನೇ ಎಂದರೆ ಸರಿಯಲ್ಲ. ಈಗ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ಬಾಲ ಕತ್ತರಿಸಿ ಓದಿದರೆ ಇನ್ನೊಂದೇ ಕಥೆ ಸಿಗುತ್ತದೆ, ಪೂರ್ತಿಯಾಗಿ.

13
'ಏನಂತ ಬೈದ್ರು? ಅದೇ ಪದ ಹೇಳಿ.'
ಸಾಕ್ಷಿಯಾಗಿ ಬಂದ ಅಜ್ಜಿ ಹಾಲನ್ನೆಲ್ಲ ಒಮ್ಮೆ ನೋಡಿದರು. 'ಇಲ್ ಹೇಳಕ್ಕಾಗಲ್ಲ ಕಣಪ್ಪ. ದೊಡ್ಡೋರವ್ರೆ.'
ದಾಖಲೆಯಲ್ಲಿ: ಅವಾಚ್ಯ ಶಬ್ದ.

14
ಪಂಚ. ಮಹಜರಿನ ಸಾಕ್ಷಿ.
'ಈ ಸಹಿ ನಿಮ್ಮದಾ?'
'ನಂದೇ.'
'ಇದರಲ್ಲಿ ಏನು ಬರೆದಿದೆ?'
'ಗೊತ್ತಿಲ್ಲ. ಸ್ಟೇಷನ್ನಲ್ಲಿ ಹಾಕಿಸ್ಕೊಂಡ್ರು.'
ಮಹಜರಿಗೆ ನಿ.ಪಿ. 2 ಎಂದು ಗುರುತು. ಸಹಿಗೆ ಬೇರೆ ಗುರುತು, ನಿ.ಪಿ. 2(ಎ). ಅವರು ಒಪ್ಪಿಕೊಂಡದ್ದು (ಎ) ಮಾತ್ರ.

15
ಊಟದ ಬಿಡುವಿನಲ್ಲಿ ಒಬ್ಬ ಕಿರಿಯ ವಕೀಲರು ಹೊಸ ಪುಸ್ತಕ ಕೊಟ್ಟರು, ನೋಡಿ ಎಂದು. ಕಳ್ಳತನದ ಕಲಮಿನ ಕೆಳಗೆ ಉದಾಹರಣೆಗಳು. ಹೆಚ್ಚು ಕಡಿಮೆ ಎಲ್ಲ ತಪ್ಪನ್ನೂ ಮಾಡುವವನು ಎ. ಕಳೆದುಕೊಳ್ಳುವವನು ಝಡ್. ಎ ಜೇಬಿನಲ್ಲಿ ನಾಯಿಯ ತಿಂಡಿ ಇಟ್ಟುಕೊಂಡು ಹೋಗುತ್ತಾನೆ. ಝಡ್‌ನ ನಾಯಿ ಬೆನ್ನು ಹತ್ತುತ್ತದೆ. ಕಳ್ಳತನ ಪೂರ್ತಿಯಾಗುವುದು ನಾಯಿ ಎ ಮನೆ ಸೇರಿದಾಗ ಅಲ್ಲ, ಹಿಂದೆ ನಡೆಯಲು ಶುರು ಮಾಡಿದಾಗ.

ಈ ನಾಯಿ 1860ರ ಪುಸ್ತಕದಲ್ಲೂ ಇತ್ತು. ಅದರ ಮೊದಲ ಕರಡು 1837ರದು, ಮೆಕಾಲೆಯ ಆಯೋಗದ್ದು. ಕಾಯ್ದೆ ಪಾಸಾದದ್ದು 1860ರ ಅಕ್ಟೋಬರ್‌ನಲ್ಲಿ. ಮೆಕಾಲೆ ತೀರಿಕೊಂಡದ್ದು 1859ರ ಡಿಸೆಂಬರ್‌ನಲ್ಲಿ.

16
ಇನ್ನೊಂದು ಉದಾಹರಣೆ. ಎ ಝಡ್‌ನ ಜೇಬಿಗೆ ಕೈ ಹಾಕುತ್ತಾನೆ. ಜೇಬು ಖಾಲಿ. ಆದರೂ ಎ ತಪ್ಪಿತಸ್ಥ. ಕಳ್ಳತನಕ್ಕಲ್ಲ, ಪ್ರಯತ್ನಕ್ಕೆ.

17
ನಾಲ್ಕು ಜನ ಸೇರಿ ಹೊಡೆದು ಕಿತ್ತುಕೊಂಡರೆ ಸುಲಿಗೆ. ಐದನೆಯವನು ಬಂದರೆ ಡಕಾಯಿತಿ. ಸಾಮಾನ್ಯವಾಗಿ ಅಪರಾಧಕ್ಕೆ ಸಿದ್ಧತೆ ಮಾಡಿಕೊಂಡರೆ ಶಿಕ್ಷೆಯಿಲ್ಲ. ಡಕಾಯಿತಿಗೆ ಸಿದ್ಧತೆಗೆ ಇದೆ, 10 ವರ್ಷದವರೆಗೆ.

18
ಗೋಡೆಯ ಮೇಲೆ ಟಿವಿ. ಜೈಲಿನಿಂದ ಹುಡುಗನೊಬ್ಬನನ್ನು ತೋರಿಸಿದರು. ದನಿ ಬರಲಿಲ್ಲ. ಸಾಹೇಬರು ಮುಂದಿನ ತಾರೀಖು ಹೇಳಿದರು. ಹುಡುಗ ತಲೆಯಾಡಿಸಿದ, ಆಮೇಲೆ ಕೈ ಮುಗಿದ. ಪರದೆ ನೀಲಿಯಾಯಿತು. ಒಂದು ನಿಮಿಷ ಆಗಿರಲಿಲ್ಲ.

ತನಿಖೆ 60 ದಿನದಲ್ಲಿ, ದೊಡ್ಡ ಅಪರಾಧವಾದರೆ 90 ದಿನದಲ್ಲಿ ಮುಗಿಯಬೇಕು. ದೋಷಾರೋಪಣ ಪಟ್ಟಿ ಬರದಿದ್ದರೆ ಮಾರನೆಯ ದಿನ ಜಾಮೀನು ಅವನ ಹಕ್ಕು. ಕೇಳಬೇಕು. ಕೇಳುವ ಮೊದಲೇ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಇಲ್ಲ.

19
ಇಸ್ಪೀಟು ಕೇಸು. ಏಳು ಜನ ಸಾಲಾಗಿ ನಿಂತರು. ಅಂದರ್ ಬಾಹರ್. ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 87. ವಶಪಡಿಸಿಕೊಂಡದ್ದು: ನಗದು, 52 ಎಲೆ, ಹಾಸಿಕೊಂಡಿದ್ದ ಹಳೆಯ ಪೇಪರು.
'ತಪ್ಪು ಒಪ್ಕೋತೀರಾ?'
'ಒಪ್ಕೋತೀವಿ ಸಾಮಿ.' ಏಳೂ ಜನ ಒಟ್ಟಿಗೆ, ಶಾಲೆಯಲ್ಲಿ ಮಗ್ಗಿ ಹೇಳುವಂತೆ.
ದಂಡ ಕಟ್ಟಲು ಕೌಂಟರಿನ ಮುಂದೆ ನಿಂತಾಗಲೂ ಅದೇ ಸಾಲು.

20
ಒಬ್ಬನಿಗೆ ಕೋರ್ಟು ಏಳುವವರೆಗೆ ಸಜೆ. ನನ್ನ ಪಕ್ಕದ ಬೆಂಚಿನಲ್ಲೇ ಕೂತ. ಇಬ್ಬರೂ ಸಂಜೆಯವರೆಗೆ ಕೂತಿದ್ದೆವು. ಐದೂವರೆಗೆ ಸಾಹೇಬರು ಎದ್ದರು. ನಾವಿಬ್ಬರೂ ಎದ್ದೆವು.

21
ಹಲ್ಲಿನ ಕೇಸು, ಎರಡನೆಯ ತಾರೀಖು. ಆರೋಪಿಯ ಹೇಳಿಕೆ. ಸಾಕ್ಷಿಗಳಿಗೆಲ್ಲ ಪ್ರಮಾಣ ಮಾಡಿಸಿದ್ದರು. ಇವರಿಗೆ ಮಾಡಿಸಲಿಲ್ಲ. ಇಲ್ಲಿ ಆರೋಪಿ ಉತ್ತರ ಕೊಡದಿದ್ದರೂ, ಸುಳ್ಳು ಉತ್ತರ ಕೊಟ್ಟರೂ ಅದಕ್ಕೆ ಶಿಕ್ಷೆಯಿಲ್ಲ. ಇಡೀ ಹಾಲಿನಲ್ಲಿ ಆ ಸೌಕರ್ಯ ಅವರಿಗೊಬ್ಬರಿಗೇ.

ಪ್ರತಿ ಪ್ರಶ್ನೆಗೂ 'ಸುಳ್ಳು' ಎಂದರು. ಒಂದಕ್ಕೆ ಮಾತ್ರ 'ನಿಜ'. ಅದು: ನೀವು ಪಿರ್ಯಾದಿಯ ಅಣ್ಣನ ಮಗ ಎಂಬುದಕ್ಕೆ ಏನು ಹೇಳುತ್ತೀರಿ?

22
ಹಳೆಯ ಪುಸ್ತಕದ 325ಕ್ಕೆ ಶಿಕ್ಷೆ 7 ವರ್ಷದವರೆಗೆ. ಅದನ್ನು ವಿಚಾರಣೆ ಮಾಡುವ ಈ ಕೋರ್ಟು ಕೊಡಬಹುದಾದದ್ದು ಹೆಚ್ಚೆಂದರೆ 3. ಸಾಲದು ಅನಿಸಿದರೆ ಆರೋಪಿಯನ್ನು ಕಡತದ ಸಮೇತ ಮೇಲೆ ಕಳಿಸಬೇಕು.

23
ಕುಡುಗೋಲಿನಿಂದ ಚರ್ಮ ಗೀರಿದರೆ 324. 3 ವರ್ಷದವರೆಗೆ. ಮುಷ್ಟಿಯಿಂದ ಹಲ್ಲು ಬೀಳಿಸಿದರೆ 325. 7 ವರ್ಷದವರೆಗೆ. 325ರಲ್ಲಿ ಕೋರ್ಟಿನ ಅನುಮತಿ ಪಡೆದು ರಾಜಿಯಾಗಬಹುದು. 324ರಲ್ಲಿ ಆಗುವಂತಿಲ್ಲ. ಮೊದಲು ಆಗಬಹುದಿತ್ತು, ತಿದ್ದುಪಡಿಯಲ್ಲಿ ತೆಗೆದರು. ಎರಡು ಸಲ ಓದಿ ಬರೆದುಕೊಂಡೆ.

24
ಅದೇ ದಿನ ಒಂದು 324 ಕೇಸು ಬಂತು. ಗಾಯಾಳು ಸಾಕ್ಷಿಕಟ್ಟೆಗೆ ಹತ್ತಿದ. ಮುಂಗೈ ಮೇಲೆ ಗೇಣುದ್ದದ ಗುರುತು. 'ಯಾರು ಹೊಡೆದರೋ ಗೊತ್ತಿಲ್ಲ, ಕತ್ತಲಿತ್ತು.' ದೂರಿನ ಪ್ರಕಾರ ಘಟನೆ ನಡೆದದ್ದು ಬೆಳಿಗ್ಗೆ ಹತ್ತಕ್ಕೆ. ಸರ್ಕಾರಿ ಅಭಿಯೋಜಕರು ಪ್ರತಿಕೂಲ ಸಾಕ್ಷಿ ಎಂದು ಬರೆಸಿದರು.

ಗಾಯಾಳುವೂ ಆರೋಪಿಯೂ ಒಂದೇ ಬೈಕಿನಲ್ಲಿ ಬಂದದ್ದನ್ನು ಬೆಳಿಗ್ಗೆ ಗೇಟಿನ ಹತ್ತಿರ ನೋಡಿದ್ದೆ.

25
ಮೂರನೆಯ ತಾರೀಖು. ಚಿಕ್ಕಪ್ಪ, ಅಣ್ಣನ ಮಗ, ಇಬ್ಬರು ವಕೀಲರು, ಒಂದು ರಾಜಿ ಅರ್ಜಿ.
'ಯಾರಾದ್ರೂ ಒತ್ತಾಯ ಮಾಡಿದ್ರಾ?'
'ಇಲ್ಲ ಸಾಮಿ. ಮನೇಲಿ ಮದ್ವೆ ಅದೆ.'
ಅನುಮತಿ ಸಿಕ್ಕಿತು. ರಾಜಿಯಾದರೆ ಅದರ ಪರಿಣಾಮ ಬಿಡುಗಡೆ. ಖುಲಾಸೆಯೇ. ಹೊಡೆದಿಲ್ಲ ಎಂದು ಯಾರೂ ಹೇಳಲಿಲ್ಲ.

26
ಟೀ ಅಂಗಡಿ. ದುಡ್ಡು ಕೊಟ್ಟವನು ಅಣ್ಣನ ಮಗ. ಚಿಕ್ಕಪ್ಪ ಬನ್ನನ್ನು ಟೀಯಲ್ಲಿ ಅದ್ದಿ ಬಲದವಡೆಗೆ ಹಾಕಿಕೊಂಡರು.

27
ಆದೇಶದ ಕೊನೆಯ ಸಾಲು: ಮು.ಮಾ. 1 ಬೆಲೆಯಿಲ್ಲದ ವಸ್ತುವಾದ್ದರಿಂದ ಅಪೀಲು ಅವಧಿ ಮುಗಿದ ಮೇಲೆ ನಾಶಪಡಿಸತಕ್ಕದ್ದು.

ಚಿಕ್ಕಪ್ಪ ಟೀ ಮುಗಿಸಿ ಮತ್ತೆ ಒಳಗೆ ಬಂದರು. ಬೆಂಚ್ ಕ್ಲರ್ಕ್ ಮೇಜಿನ ಹತ್ತಿರ ನಿಂತರು.
'ಅದು ನಮ್ಗೆ ಕೊಡಲ್ವಾ?'
'ಯಾವ್ದು?'
ಅವರು ಬಾಯಿ ತೆರೆದು ತೋರಿಸಿದರು.