ಬೆನ್ನ ಹಿಂದೆ ನಂಜನಗೂಡು

ಟಿ. ನರಸೀಪುರದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರದ ಒಂದು ಮನೆಯ ತಾರಸಿ. ಜಮಖಾನದ ಮೇಲೆ ಪೂರ್ವಕ್ಕೆ ಮುಖ ಮಾಡಿ, ಕಾಲು ನೀಡಿ ಕೂತಿದ್ದೀರಿ. ಸಂಗಮದ ಕಡೆಯಿಂದ ಹೊಳೆಯ ತಂಪು ಬರುತ್ತಿದೆ.

ನಿಮ್ಮ ಬೆನ್ನ ಹಿಂದೆ, ಪಶ್ಚಿಮಕ್ಕೆ, ನಂಜನಗೂಡು. ಶ್ರೀಕಂಠೇಶ್ವರನ ಸ್ನಾನಘಟ್ಟ ದಾಟಿದ ಕಪಿಲೆ ಇಲ್ಲಿಗೆ ಬಂದು ಕಾವೇರಿಯನ್ನು ಕೂಡುತ್ತಾಳೆ. ನೀವೀಗ ಮಾಡಹೊರಟಿರುವ ಪಶ್ಚಿಮೋತ್ತಾನಾಸನದ ಪಶ್ಚಿಮವೂ ಬೆನ್ನ ಕಡೆಯದೇ. ಸೂರ್ಯನಿಗೆ ಮುಖ ಕೊಟ್ಟು ಕೂತವರಿಗೆ ಹಿಮ್ಮಡಿಯಿಂದ ನೆತ್ತಿಯವರೆಗಿನ ಹಿಂಬದಿಯೆಲ್ಲ ಪಶ್ಚಿಮ. ಅದಷ್ಟನ್ನೂ ಹಿಗ್ಗಿಸಬೇಕು.

ಉಸಿರು ಬಿಡುತ್ತಾ ಬಾಗುತ್ತೀರಿ. ಕೈ ಮೀನಖಂಡದ ಹತ್ತಿರವೇ ನಿಂತುಬಿಡುತ್ತದೆ. ಮಂಡಿಯ ಹಿಂದೆ ಹಗ್ಗ ಬಿಗಿದಂತಾಗುತ್ತದೆ. ಪಾದ ಮುಟ್ಟಲೇಬೇಕೆಂದು ಬೆನ್ನು ಗೂನು ಮಾಡಿ ತಲೆ ತೂರಿಸುತ್ತೀರಿ.

“ತಲೆ ಬಿಡಿ, ಹೊಟ್ಟೆ ಮುಂದಕ್ಕೆ ಬರ್ಲಿ,” ಎನ್ನುತ್ತಾರೆ ಯೋಗ ಕಲಿಸುವ ಮೇಡಂ. ಕಂಬಳಿಯನ್ನು ಮಡಿಸಿ ನಿಮ್ಮ ಕುಂಡೆಯ ಕೆಳಗೆ ಸರಿಸುತ್ತಾರೆ. “ಮಂಡಿ ಸ್ವಲ್ಪ ಮಡಚ್ಕೊಳಿ, ಪರವಾಗಿಲ್ಲ.”

ತೊಡೆಯ ಹಿಂದಿನ ಸ್ನಾಯುಗಳು ಹುಟ್ಟುವುದೇ ನಾವು ಊರಿ ಕೂರುವ ಮೂಳೆಯಲ್ಲಿ. ಅವು ಬಿಗಿಯಾಗಿದ್ದರೆ ಸೊಂಟ ಹಿಂದಕ್ಕೇ ವಾಲುತ್ತದೆ, ಬಗ್ಗುವ ಕೆಲಸವೆಲ್ಲ ಕೆಳಬೆನ್ನಿನ ಪಾಲಾಗುತ್ತದೆ. ಡಿಸ್ಕ್ ತೊಂದರೆ ಇರುವವರು ಈ ಆಸನವನ್ನು ವೈದ್ಯರನ್ನು ಕೇಳದೆ ಮಾಡಲೇಬಾರದು. ಕಂಬಳಿಯ ಮೇಲೆ ಸೊಂಟ ತಾನಾಗಿ ಮುಂದಕ್ಕೆ ಬಾಗಿದಾಗ ನಿಮ್ಮ ಬೆನ್ನು ನಿಟ್ಟುಸಿರು ಬಿಟ್ಟಂತಾಗುತ್ತದೆ.

1934ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಕನ್ನಡದಲ್ಲೇ ಬರೆದು ಹೊರತಂದ ‘ಯೋಗ ಮಕರಂದ’ದಲ್ಲಿ ಈ ಆಸನವಿದೆ. ಆ ದಿನಗಳಲ್ಲಿ ಮೈಸೂರಿನಲ್ಲಿ ಅವರ ಬಳಿ ಕಲಿಯಲು ಬಂದ ಬೆಳ್ಳೂರಿನ ಹುಡುಗ, ಮುಂದೆ ಜಗತ್ತಿಗೇ ಗುರುವಾದ ಬಿ.ಕೆ.ಎಸ್. ಅಯ್ಯಂಗಾರ್, ರೋಗದಿಂದ ಬಡಕಲಾಗಿದ್ದ. ಬಾಗಿದರೆ ಕೈ ಪಾದ ಮುಟ್ಟುತ್ತಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಮತ್ತೆ ಉಸಿರು. ಒಳಗೆಳೆದಾಗ ಎದೆ ಉದ್ದವಾಗುತ್ತದೆ, ಬಿಟ್ಟಾಗ ಹೊಕ್ಕುಳು ತೊಡೆಯ ಕಡೆಗೆ ಇಳಿಯುತ್ತದೆ. ಎಷ್ಟು ಇಳಿಯಿತು? ಇಲ್ಲಿನ ನರಸಿಂಹ ಬೆರಳುಗಳ ನಡುವೆ ಒಂದು ಗುಲಗಂಜಿ ಹಿಡಿದಿದ್ದಾನೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಊರವರ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಪುಟ್ಟ ಕೆಂಪು ಬೀಜದಷ್ಟೇ ಇಳಿದಿದ್ದೀರಿ. ಇನ್ನೊಂದು ಉಸಿರಿಗೆ ಇನ್ನೊಂದು ಗುಲಗಂಜಿ.

ಹತ್ತನೆಯ ಉಸಿರಿನ ಹೊತ್ತಿಗೆ ಹಗ್ಗದ ಬಿಗಿ ಸಡಿಲಿದೆ. ಕೈ ಕಣಕಾಲಿನ ಗಂಟು ದಾಟಿದೆ. ಕೆಳಗೆ ಯಾರೋ ಬಾಗಿಲಿಗೆ ನೀರು ಹಾಕುತ್ತಿದ್ದಾರೆ, ಪೊರಕೆಯ ಸದ್ದು.

“ಸಾಕು, ನಿಧಾನಕ್ಕೆ ಏಳಿ.”

ಇನ್ನೊಂದೇ ಉಸಿರು ಅಲ್ಲೇ ಇರುತ್ತೀರಿ. ಬಿಸಿಲು ಮೇಲೇರಿ ಬೆನ್ನ ತುಂಬ ಬಿದ್ದಿದೆ, ಸೊಂಟದವರೆಗೂ ಬೆಚ್ಚಗೆ.