ಸ್ಕ್ಯಾನಿನಲ್ಲಿ ಕಾಣದ ಗಾಯ



ನಮ್ಮ ಅಕ್ಕನ ಕೋರ್ಟು ಕೇಸಿನ ಬಗ್ಗೆ ಪೋತ್ತನೂರಿನಲ್ಲಿ ಬಹಳ ಮಂದಿ ಬಹಳ ಮಾತಾಡಿದ್ದಾರೆ. ಅದರಲ್ಲಿ ಅರ್ಧಕ್ಕರ್ಧ ತಪ್ಪು. ಹಾಗಾಗಿ ಅವಳನ್ನೇ ಕೇಳಿ, ಹೆಸರು ಹಾಕುವುದಿಲ್ಲ ಎಂದು ಮಾತು ಕೊಟ್ಟು ಇದನ್ನು ಬರೆಯುತ್ತಿದ್ದೇನೆ. ಅವಳು ನನ್ನ ದೊಡ್ಡಪ್ಪನ ಮಗಳು. ಕುರಿಚಿ ಸಿಡ್ಕೋದ ಒಂದು ಸಣ್ಣ ಘಟಕದಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ. ದಿನವಿಡೀ ನಿಂತು, ಬಲಗಾಲಲ್ಲಿ ಪೆಡಲ್ ಒತ್ತುತ್ತಾ, ಕೈಯಲ್ಲಿ ತಂತಿ ಬಿಡಬೇಕು. ಸಂಬಳ ತಿಂಗಳಿಗೆ 14,000 ರೂಪಾಯಿ, ಅದೂ ಕೈಗೆ ನಗದು, ಚೀಟಿ ಗೀಟಿ ಏನೂ ಇಲ್ಲ.

ಕೆಲಸ ಮುಗಿಸಿ ಸ್ಕೂಟರಿನಲ್ಲಿ ಬರುವಾಗ ಸುಂದರಾಪುರಂ ಹತ್ತಿರ ಹಿಂದಿನಿಂದ ಒಂದು ಗೂಡ್ಸ್ ವ್ಯಾನ್ ಗುದ್ದಿತು. ಆಗ ಅವಳಿಗೆ 27 ವರ್ಷ. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು. ಮೊಣಕಾಲು ತರಚಿತ್ತು, ಸೊಂಟ ಊದಿತ್ತು. ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ ಎಂದು ಮರುದಿನವೇ ಮನೆಗೆ ಕಳಿಸಿದರು. ನಾವೆಲ್ಲ ದೇವರಿಗೆ ಸ್ತೋತ್ರ ಹೇಳಿದೆವು. ಒಂಬತ್ತನೆಯ ದಿನ ಬೆಳಿಗ್ಗೆ ಎದ್ದರೆ ಬಲಗಾಲು ಅವಳ ಮಾತು ಕೇಳಲಿಲ್ಲ. ನೆಲದ ಮೇಲೆ ಚೀಲ ಎಳೆದ ಹಾಗೆ ಎಳೆದುಕೊಂಡು ನಡೆಯಬೇಕಾಯಿತು. ಆಮೇಲೆ ನಡುಕ ಶುರುವಾಯಿತು. ಎರಡು ಸಲ ಎಂ.ಆರ್.ಐ. ಮಾಡಿಸಿದೆವು. ಎರಡರಲ್ಲೂ ಏನೂ ಇಲ್ಲ.

ಏನೂ ಇಲ್ಲ ಎಂಬ ಆ ಎರಡು ಪದ ಅವಳಿಗೆ ವ್ಯಾನಿಗಿಂತ ಜೋರಾಗಿ ಬಡಿಯಿತು. ಒಬ್ಬ ಡಾಕ್ಟರು ಮನಸ್ಸು ಗಟ್ಟಿ ಮಾಡಿಕೊಳ್ಳಮ್ಮ ಎಂದರು. ಬೀದಿಯವರು ತಮಿಳಿನಲ್ಲಿ ‘ನಡಿಪ್ಪು’ ಎಂದರು, ಅಂದರೆ ನಾಟಕ. ನಮ್ಮ ಕನ್ನಡ ಮನೆಗಳವರೂ ಅದನ್ನೇ ಕನ್ನಡದಲ್ಲಿ ಹೇಳಿದರು. ಇನ್ನು ಕೆಲವರು ಪ್ರಾರ್ಥನೆ ಸಾಲದು ಎಂದರು. ಪ್ರಾರ್ಥನೆ ಸಾಲದೆ ಇದ್ದದ್ದು ಯಾರದು ಎಂದು ನಾನು ಕೇಳಲಿಲ್ಲ.

ಕೊನೆಗೆ ಒಬ್ಬ ನರರೋಗ ತಜ್ಞರು ಅವಳನ್ನು ಮಂಚದ ಮೇಲೆ ಮಲಗಿಸಿ ಒಂದು ಸಣ್ಣ ಪರೀಕ್ಷೆ ಮಾಡಿದರು. ಬಲ ಹಿಮ್ಮಡಿಯನ್ನು ಕೆಳಕ್ಕೆ ಒತ್ತು ಎಂದರು. ಬಲವೇ ಇಲ್ಲ. ಈಗ ಎಡಗಾಲನ್ನು ಮೇಲೆತ್ತು ಎಂದರು. ಎಡಗಾಲು ಎತ್ತುವಾಗ, ಬಲ ಹಿಮ್ಮಡಿ ತಾನಾಗಿಯೇ ಡಾಕ್ಟರ ಅಂಗೈಯನ್ನು ಗಟ್ಟಿಯಾಗಿ ಒತ್ತಿತು. ಇದನ್ನು ಹೂವರ್ ಲಕ್ಷಣ ಎನ್ನುತ್ತಾರೆ. ಅಮೆರಿಕದ ಚಾರ್ಲ್ಸ್ ಹೂವರ್ ಎಂಬ ವೈದ್ಯರು 1908ರಲ್ಲಿ ವಿವರಿಸಿದ್ದು. ಯಂತ್ರ ಬೇಡ, ಖರ್ಚಿಲ್ಲ, ಒಂದು ನಿಮಿಷ ಸಾಕು. ಸ್ನಾಯು, ನರ ಎಲ್ಲ ಸರಿಯಾಗಿವೆ, ಆದರೆ ಬೇಕೆಂದು ಅಲ್ಲಾಡಿಸಲು ಹೋದಾಗ ಮಿದುಳಿನಿಂದ ಹೋಗುವ ಆಜ್ಞೆ ದಾರಿ ತಪ್ಪುತ್ತಿದೆ ಎಂದು ಅದು ತೋರಿಸುತ್ತದೆ. ಕಾಯಿಲೆಯ ಹೆಸರು ಫಂಕ್ಷನಲ್ ನ್ಯೂರಾಲಜಿಕಲ್ ಡಿಸಾರ್ಡರ್, ಚಿಕ್ಕದಾಗಿ ಎಫ್.ಎನ್.ಡಿ. ನಾನು ಬಿ.ಎಸ್ಸಿ. ಓದಿದವರ ಭಾಷೆಯಲ್ಲಿ ಹೇಳುವುದಾದರೆ, ಕಂಪ್ಯೂಟರಿನ ಡಬ್ಬ ಸರಿಯಿದೆ, ಒಳಗಿನ ಪ್ರೋಗ್ರಾಂ ಕೆಟ್ಟಿದೆ. ಸ್ಕ್ಯಾನ್ ತೆಗೆಯುವುದು ಡಬ್ಬದ ಚಿತ್ರವನ್ನು. ಗಮನಿಸಿ, ಬೇರೆ ಏನೂ ಸಿಗಲಿಲ್ಲ ಎಂದು ಇಡುವ ಹೆಸರಲ್ಲ ಇದು. ಹೂವರ್‌ನಂಥ ಲಕ್ಷಣಗಳನ್ನು ನೋಡಿಯೇ ಪತ್ತೆ ಮಾಡುವುದು. ಮನಸ್ಸಿಗೆ ಆಘಾತ ಆಗಿರಲೇಬೇಕು ಎಂಬ ಷರತ್ತನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಕೈಬಿಟ್ಟಿತು.

ಪೋತ್ತನೂರಿನ ಮಕ್ಕಳಾದ ನಮಗೆ ಇದರ ಹಳೆಯ ಕಥೆ ಗೊತ್ತಿರಬೇಕು, ಏಕೆಂದರೆ ಅದು ರೈಲಿನ ಕಥೆ. ಮದ್ರಾಸಿನಿಂದ ಬೇಪೂರಿಗೆ ಹೋಗುವ ಹಳಿ ನಮ್ಮೂರನ್ನು ದಾಟಿ 1862ರಲ್ಲಿ ಕರಾವಳಿ ಮುಟ್ಟಿತು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ರೈಲು ಅಪಘಾತದಲ್ಲಿ ಬದುಕಿ ಬಂದವರು, ಮೈಮೇಲೆ ಗಾಯವಿಲ್ಲದಿದ್ದರೂ ಕೆಲವು ದಿನ ಬಿಟ್ಟು ನಡುಗುತ್ತಿದ್ದರು, ನಡೆಯಲಾರದೆ ಬೀಳುತ್ತಿದ್ದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ಅಪಘಾತದಲ್ಲಿ ಗಾಯವಿಲ್ಲದೆ ಪಾರಾದರು. ಆದರೆ ಆಮೇಲೆ ರೈಲು ಹತ್ತಿದರೆ ಮೈ ನಡುಗುತ್ತಿತ್ತು. ಮರುವರ್ಷ, 1866ರಲ್ಲಿ, ಜಾನ್ ಎರಿಕ್ ಎರಿಕ್ಸನ್ ಎಂಬ ಸರ್ಜನ್ ಇದರ ಬಗ್ಗೆ ಪುಸ್ತಕ ಬರೆದು, ಬೆನ್ನುಹುರಿಗೆ ಕಣ್ಣಿಗೆ ಕಾಣದ ಪೆಟ್ಟು ಬಿದ್ದಿದೆ ಎಂದರು. ಜನ ಅದಕ್ಕೆ ‘ರೈಲ್ವೆ ಸ್ಪೈನ್’ ಎಂದರು. ಗಾಯಾಳುಗಳ ವಕೀಲರು ಆ ಪುಸ್ತಕ ಹಿಡಿದು ಕೋರ್ಟಿಗೆ ಹೋದರು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಇನ್ನೊಬ್ಬ ಸರ್ಜನ್ ಬೆನ್ನುಹುರಿಗೆ ಏನೂ ಆಗಿಲ್ಲ, ಇದು ಭಯದ ಪರಿಣಾಮ ಎಂದು ಬರೆದರು. ಅವರು ರೈಲು ಕಂಪನಿಯೊಂದರ ಸರ್ಜನ್ ಆಗಿದ್ದರು! ವಿಚಿತ್ರವೆಂದರೆ, ಇವತ್ತಿನ ವಿಜ್ಞಾನಕ್ಕೆ ಹತ್ತಿರ ಇರುವುದು ಪೇಜ್ ಮಾತೇ. ಆದರೆ ಬೆನ್ನುಹುರಿ ಸರಿಯಿದೆ ಎಂದ ಮಾತ್ರಕ್ಕೆ ಕಾಲು ಸರಿಯಿದೆ ಎಂದಾಗುವುದಿಲ್ಲವಲ್ಲ. ಜರ್ಮನಿಯಲ್ಲಿ ಕಾರ್ಮಿಕರಿಗೆ ಇಂಥ ಕಾಯಿಲೆಗೂ ಅಪಘಾತ ವಿಮೆಯಿಂದ ಪಿಂಚಣಿ ಸಿಗುತ್ತಿತ್ತು. ಪಿಂಚಣಿಯ ಆಸೆಯೇ ಕಾಯಿಲೆ ತರುತ್ತದೆ ಎಂದು 1926ರಲ್ಲಿ ಆ ಬಾಗಿಲನ್ನು ಮುಚ್ಚಿದರು.

ಈಗ ನಮ್ಮ ಕಾನೂನಿಗೆ ಬರುತ್ತೇನೆ. ಕೋರ್ಟಿಗೆ ಹೋಗುವುದು ಕ್ರೈಸ್ತರಿಗೆ ಸಲ್ಲದು, ಆ ಡ್ರೈವರೂ ಬಡವ ಎಂದು ಕೆಲವರು ಹೇಳಿದರು. ಡ್ರೈವರ್ ಬಡವ ಎಂಬುದು ನಿಜ. ಹಾಗೆಂದೇ 1988ರ ಮೋಟಾರು ವಾಹನ ಕಾಯ್ದೆ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿದೆ. ವಿಮೆ ಇದ್ದರೆ ಹಣ ಬರುವುದು ಕಂಪನಿಯಿಂದ. ಅರ್ಜಿ ಹಾಕುವುದು 166ನೇ ಕಲಮಿನಡಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. ಎಫ್.ಎನ್.ಡಿ. ಪತ್ತೆಯಾಗುವುದೇ ತಡವಾದ್ದರಿಂದ ಇದನ್ನು ನೆನಪಿಡಿ, ಕಾಯಿಲೆಯ ಹೆಸರು ಸಿಗಲಿ ಎಂದು ಕಾಯಬೇಡಿ. ವಕೀಲರಿಗೆ ಹಣ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿಗೆ ಹಕ್ಕಿದೆ.

ಲೆಕ್ಕ ಹೀಗೆ. ಸಂಬಳ 14,000. ವಯಸ್ಸು 40ರ ಒಳಗೆ ಇರುವುದರಿಂದ ಮುಂದಿನ ಏಳಿಗೆಗೆಂದು ಶೇ. 40 ಸೇರಿಸಿದರೆ 19,600. ಅದನ್ನು 12 ತಿಂಗಳಿಂದ, ಆಮೇಲೆ 26ರಿಂದ 30 ವಯಸ್ಸಿನವರಿಗೆ ಇರುವ 17 ಎಂಬ ಗುಣಕದಿಂದ ಗುಣಿಸಿದರೆ 39,98,400. ಇದರಲ್ಲಿ ಎಷ್ಟು ಅಂಶ ಸಿಗುತ್ತದೆ ಎನ್ನುವುದು ದುಡಿಯುವ ಶಕ್ತಿ ಎಷ್ಟು ಶೇಕಡಾ ಹೋಗಿದೆ ಎಂಬುದರ ಮೇಲೆ. ಶೇ. 10 ಎಂದರೆ ಸುಮಾರು ನಾಲ್ಕು ಲಕ್ಷ, ಶೇ. 40 ಎಂದರೆ ಸುಮಾರು ಹದಿನಾರು ಲಕ್ಷ. ಜಗಳವೆಲ್ಲ ಆ ಒಂದು ಅಂಕಿಯದು.

ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಸರ್ಟಿಫಿಕೇಟಿನ ಶೇಕಡಾ ಬೇರೆ, ದುಡಿಮೆಯ ನಷ್ಟದ ಶೇಕಡಾ ಬೇರೆ. ಎಡಗೈ ಕಳೆದುಕೊಂಡವನು ಡ್ರೈವರೋ ಬಡಗಿಯೋ ಆಗಿದ್ದರೆ ದುಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ನ್ಯಾಯಾಲಯದಲ್ಲಿ ಇದನ್ನು ‘ಫಂಕ್ಷನಲ್ ಡಿಸೆಬಿಲಿಟಿ’ ಎನ್ನುತ್ತಾರೆ. ಡಾಕ್ಟರು ಹೇಳುವ ಫಂಕ್ಷನಲ್ ಬೇರೆ, ಜಡ್ಜ್ ಹೇಳುವ ಫಂಕ್ಷನಲ್ ಬೇರೆ. ನಮ್ಮ ಕೇಸಿನಲ್ಲಿ ಎರಡೂ ಒಂದೇ ಕಾಗದದಲ್ಲಿ ಸೇರಿಕೊಂಡು ಒಂದು ಇಡೀ ವಾಯಿದೆ ಅದರ ಗೊಂದಲಕ್ಕೇ ಹೋಯಿತು. ಸಂಬಳ ಚೀಟಿ ಇಲ್ಲದ್ದಕ್ಕೆ ಹೆದರಿದ್ದೆವು. ಕರ್ನಾಟಕದ ಕೂಲಿಯೊಬ್ಬರ ಕೇಸು, ರಾಮಚಂದ್ರಪ್ಪ ಅವರದು, ಧೈರ್ಯ ಕೊಟ್ಟಿತು. 2004ರ ಅಪಘಾತಕ್ಕೆ ತಿಂಗಳಿಗೆ 4,500 ರೂಪಾಯಿ ಆದಾಯ ಇತ್ತೆಂಬ ಅವರ ಮಾತನ್ನು, ಚೀಟಿ ಇಲ್ಲದಿದ್ದರೂ, ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಿತು.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಕೋರ್ಟಿನ ಹೊರಗೆ ಕೇಸು ಹಿಡಿಯುವ ಒಬ್ಬ ಏಜೆಂಟ್ ಅಕ್ಕನಿಗೆ ಹೇಳಿದ, “ಯಮ್ಮಾ, ತೀರ್ಪು ಬರೋ ತನಕ ಫಿಸಿಯೋಥೆರಪಿಗೆ ಹೋಗಬೇಡ. ವೀಲ್‌ಚೇರಲ್ಲೇ ಬಾ. ಕಾಲು ಸರಿಹೋದ್ರೆ ದುಡ್ಡು ಹೋಯ್ತು.” ಅವನು ಹೇಳಿದ್ದು ಲೆಕ್ಕದ ಪ್ರಕಾರ ಪೂರ್ತಿ ಸುಳ್ಳಲ್ಲ. ಎಫ್.ಎನ್.ಡಿ. ವಾಸಿಯಾಗಬಹುದಾದ ಕಾಯಿಲೆ, ಕಾನೂನು ಕೇಳುವುದು ಶಾಶ್ವತ ನಷ್ಟ. ಆದರೆ ತಡ ಮಾಡಿದಷ್ಟೂ ಕಾಲು ಆ ತಪ್ಪು ನಡಿಗೆಯನ್ನೇ ಕಲಿತುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ದೊಡ್ಡಮ್ಮನ ಒಡವೆ ಅಡವಿಟ್ಟಾಗಿತ್ತು, ಹದಿನಾರು ಲಕ್ಷ ಎಂದರೆ ನಮ್ಮ ಮನೆಗೆ ಸಣ್ಣ ಮಾತಲ್ಲ. ಬೆಳಿಗ್ಗೆ ಎದ್ದು, “ನಡಿ, ಎಕ್ಸರ್‌ಸೈಜಿಗೆ ಹೊತ್ತಾಯ್ತು,” ಎಂದಳು. ತಮಿಳಿನಲ್ಲಿ ಈ ಹಣಕ್ಕೆ ‘ಇಳಪ್ಪೀಡು’ ಎನ್ನುತ್ತಾರೆ, ಕಳೆದುಹೋದದ್ದಕ್ಕೆ ಬದಲು. ನಮ್ಮ ಕನ್ನಡದ ‘ಪರಿಹಾರ’ದಲ್ಲಿ ಹಣವೂ ಇದೆ, ನೋವು ನೀಗುವುದೂ ಇದೆ. ಅಕ್ಕ ಎರಡನೆಯದನ್ನು ಮೊದಲು ಹಿಡಿದಳು. ಹಾಗೆ ಹಿಡಿದರೆ ಎಲ್ಲವೂ ಕಳೆದುಹೋಗುವುದಿಲ್ಲ ಎಂದು ಆಮೇಲೆ ನಮ್ಮ ವಕೀಲರು ಹೇಳಿದರು. ಚಿಕಿತ್ಸೆಯ ಖರ್ಚು, ಚಿಕಿತ್ಸೆಯ ಕಾಲದಲ್ಲಿ ಹೋದ ಸಂಬಳ, ಮುಂದಿನ ಚಿಕಿತ್ಸೆ, ನೋವು, ಇವಕ್ಕೆಲ್ಲ ಬೇರೆ ಬೇರೆಯಾಗಿ ಕೇಳಬಹುದು.

ಇಷ್ಟರಲ್ಲಿ ವಿಮೆ ಕಂಪನಿಯ ವಕೀಲರು ಒಂದು ವಿಡಿಯೋ ತಂದರು. ಹಬ್ಬದ ತೇರಿನ ಮೆರವಣಿಗೆಯಲ್ಲಿ ಅಕ್ಕ ಮೇಣದಬತ್ತಿ ಹಿಡಿದು, ಹಾಡುತ್ತಾ, ಕೋಲಿಲ್ಲದೆ ಹತ್ತು ಹನ್ನೆರಡು ಹೆಜ್ಜೆ ಸಲೀಸಾಗಿ ನಡೆದಿದ್ದಾಳೆ. “ಇದು ನೀವೇ ತಾನೇ?” ಎಂದು ಕೇಳಿದರು. “ಹೌದು, ನಾನೇ,” ಎಂದಳು. ನನ್ನ ಎದೆ ಧಸಕ್ಕೆಂದಿತು.

ನಮ್ಮ ಡಾಕ್ಟರು ಸಾಕ್ಷಿ ಹೇಳಲು ಬಂದ ದಿನ ಆ ವಿಡಿಯೋವನ್ನು ಅವರಿಗೂ ತೋರಿಸಿದರು. ಅವರು ಎರಡು ಸಲ ನೋಡಿದರು. ಈ ಕಾಯಿಲೆ ಇರುವವರು ಕಾಲಿನ ಮೇಲೆ ಗಮನ ಇಟ್ಟಷ್ಟೂ ನಡಿಗೆ ಕೆಡುತ್ತದೆ, ಗಮನ ಬೇರೆ ಕಡೆ ಹೋದಾಗ, ಹಾಡುವಾಗ, ತಾಳಕ್ಕೆ ಹೆಜ್ಜೆ ಹಾಕುವಾಗ, ಕೆಲವರಿಗೆ ಹಿಂದಕ್ಕೆ ನಡೆಯುವಾಗ, ಸರಿಹೋಗುತ್ತದೆ ಎಂದರು. ಫಿಸಿಯೋಥೆರಪಿಯಲ್ಲಿ ನಾವು ಮಾಡಿಸುವುದೂ ಇದನ್ನೇ, ಹತ್ತು ಹೆಜ್ಜೆ ನಡೆದವಳು ಎಂಟು ಗಂಟೆ ಪೆಡಲ್ ಒತ್ತಬಲ್ಲಳು ಎಂದು ಅರ್ಥವಲ್ಲ ಎಂದರು. ಆಮೇಲೆ ಹೂವರ್ ಪರೀಕ್ಷೆಯನ್ನು ಕೈ ಸನ್ನೆಯಲ್ಲೇ ವಿವರಿಸಿದರು. ಜಡ್ಜ್ ಅದನ್ನು ಎರಡನೇ ಸಲ ಹೇಳಿಸಿ ಬರೆಸಿಕೊಂಡರು.

ಅಕ್ಕ ಈಗ ಕೋಲು ಹಿಡಿದು ಬಸ್ ನಿಲ್ದಾಣದವರೆಗೆ ನಡೆಯುತ್ತಾಳೆ. ಸಂಜೆ ಹೊತ್ತಿಗೆ ಕಾಲು ಮತ್ತೆ ಎಳೆಯುತ್ತದೆ. ಹಳೆಯ ಮಾಲೀಕರು ಕುಳಿತು ಮಾಡುವ ಪ್ಯಾಕಿಂಗ್ ಕೆಲಸ ಕೊಟ್ಟಿದ್ದಾರೆ, ಅರ್ಧ ದಿನಕ್ಕೆ, ತಿಂಗಳಿಗೆ 6,000. ಈ ಸಲ ಸಂಬಳ ಚೀಟಿ ಕೇಳಿ ಪಡೆದಿದ್ದಾಳೆ. ವಾದ ಮುಂದಿನ ತಿಂಗಳಿಗೆ ಹೋಗಿದೆ.